ಸಣ್ಣ ವ್ಯಾಪಾರದ ಮೊದಲ ದುಡ್ಡು: ಅನುದಾನಕ್ಕೆ ಕಾಯುವುದಾ, ಸಾಲ ಮಾಡುವುದಾ?

ವ್ಯಾಪಾರ ಶುರು ಮಾಡಲು ದುಡ್ಡು ಹುಡುಕುವವರು ಮೊದಲು ಕೇಳುವುದು "ಬಡ್ಡಿ ಎಷ್ಟು?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು "ಮೊದಲ ಕಂತು ಯಾವತ್ತು ಕಟ್ಟಬೇಕು?" ಅನ್ನೋದು. ಶೇ 9ರ ಸಾಲವೂ ಮೂರನೇ ತಿಂಗಳಿಗೇ ಕತ್ತು ಹಿಡಿಯಬಹುದು. ಶೇ 14ರ ಸಾಲ ಆರು ತಿಂಗಳು ಉಸಿರಾಡಲು ಬಿಟ್ಟರೆ ಅದೇ ಹಗುರ ಅನಿಸಬಹುದು. ಅನುದಾನಕ್ಕೂ ಇದೇ ಮಾತು. ಬಡ್ಡಿ ಸೊನ್ನೆ, ಸರಿ. ಆದರೆ ದುಡ್ಡು ಕೈಗೆ ಬರೋದು ಯಾವತ್ತು? ಬಾಡಿಗೆ ಕೇಳಲು ಬಂದವರಿಗೆ "ಅರ್ಜಿ ಹಾಕಿದ್ದೀನಿ" ಅಂದರೆ ಬಿಡ್ತಾರಾ?

ಅದಕ್ಕೇ ಯಾವ ಅರ್ಜಿಗೂ ಕೈ ಹಾಕುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. 12 ಕಾಲಂ ಹಾಕಿ, ತಿಂಗಳಿಗೊಂದು. ಮೇಲಿನ ಸಾಲಿನಲ್ಲಿ ಹೋಗುವ ದುಡ್ಡು, ಕೆಳಗಿನ ಸಾಲಿನಲ್ಲಿ ಬರುವ ದುಡ್ಡು. ಪರಿಚಯದವರೊಬ್ಬರು ಹೊಲಿಗೆ ಘಟಕ ಹಾಕಬೇಕು ಅಂತ ಬಂದಾಗ ಇದನ್ನೇ ಮಾಡಿದೆವು. ಮೊದಲ ತಿಂಗಳು ಜಾಗದ ಅಡ್ವಾನ್ಸ್. ಎರಡನೇ ತಿಂಗಳು ಮಷಿನ್. ಮೂರನೇ ತಿಂಗಳು ಬಟ್ಟೆ, ದಾರ, ಕೂಲಿ. ಮೊದಲ ಆರ್ಡರ್ ಕೊಡುವುದು ನಾಲ್ಕನೇ ತಿಂಗಳ ಕೊನೆಗೆ. ಇಲ್ಲಿವರೆಗೂ ಅವರು ಚೆನ್ನಾಗಿ ಯೋಚಿಸಿದ್ದರು. ಆದರೆ ಸರಕು ಕೊಂಡವರು ಬಿಲ್ ಆದ 45 ದಿನಕ್ಕೆ ಹಣ ಹಾಕುತ್ತಾರೆ. ಅಂದರೆ ಮೊದಲ ದುಡ್ಡು ಬರೋದು ಆರನೇ ತಿಂಗಳ ಮಧ್ಯಕ್ಕೆ. ಮಷಿನ್ ಸಾಲದ ಕಂತು ಮಾತ್ರ ಮೂರನೇ ತಿಂಗಳಿಗೇ ಶುರು. ಮೂರು ಕಂತು, ತಾರೀಖು ಹಿಂದೆ ಮುಂದೆ ಆದರೆ ನಾಲ್ಕು, ಒಂದು ಪೈಸೆ ಒಳಗೆ ಬರುವ ಮುಂಚೆಯೇ ಕಟ್ಟಬೇಕು. "ಮಷಿನ್‌ಗೆ ಸಾಲ ಸಿಕ್ಕರೆ ಸಾಕು" ಅಂತ ಬಂದಿದ್ದವರಿಗೆ ಆ ಹಾಳೆ ನೋಡಿದ ಮೇಲೆ ಗೊತ್ತಾಯಿತು, ತಮಗೆ ಬೇಕಾಗಿರುವುದು ಮಷಿನ್ ದುಡ್ಡಿಗಿಂತ ಜಾಸ್ತಿ ಅಂತ.

ಈ ಹಾಳೆ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ದಾರಿ ನೋಡೋಣ.

ಅನುದಾನ: ಪುಕ್ಕಟೆ, ಆದರೆ ನಿಧಾನ

ವಾಪಸ್ ಕೊಡಬೇಕಿಲ್ಲದ ದುಡ್ಡು ಯಾರಿಗೆ ಬೇಡ? ತೊಂದರೆ ಏನೆಂದರೆ, ಹೊಸ ವ್ಯಾಪಾರ ಶುರು ಮಾಡಲು ಅಂತಲೇ ಕೊಡುವ ಅನುದಾನ ಜನ ಅಂದುಕೊಂಡಷ್ಟು ಇಲ್ಲ. ಅಮೆರಿಕದ ಸಣ್ಣ ಉದ್ಯಮ ಇಲಾಖೆ ಎಸ್‌ಬಿಎ ಇದನ್ನು ನೇರವಾಗಿಯೇ ಹೇಳುತ್ತದೆ: ವ್ಯಾಪಾರ ಶುರು ಮಾಡಲು, ಬೆಳೆಸಲು ನಾವು ಅನುದಾನ ಕೊಡುವುದಿಲ್ಲ. ಅವರು ಮಾಡುವುದು ಸಾಲಕ್ಕೆ ಬೆಂಬಲ. ಹೆಚ್ಚಿನ ಕಡೆ ಅನುದಾನ ಸಿಗುವುದು ಒಂದು ನಿರ್ದಿಷ್ಟ ಕೆಲಸಕ್ಕೆ: ಸಂಶೋಧನೆ, ರಫ್ತು, ವಿದ್ಯುತ್ ಉಳಿತಾಯ, ಹಿಂದುಳಿದ ಪ್ರದೇಶದಲ್ಲಿ ಕೆಲಸ ಹುಟ್ಟಿಸುವುದು. ನಿಮ್ಮ ಯೋಜನೆ ಅದರೊಳಗೆ ಸಹಜವಾಗಿ ಕೂತರೆ ಅರ್ಜಿ ಹಾಕಿ. ಅನುದಾನಕ್ಕೋಸ್ಕರ ವ್ಯಾಪಾರದ ಸ್ವರೂಪವನ್ನೇ ತಿರುಚಲು ಹೊರಟರೆ ಮಾತ್ರ ಆಮೇಲೆ ಗಿರಾಕಿ ಸಿಗೋದು ಕಷ್ಟ.

ಸಿಗುವ ಸಾಧ್ಯತೆ ಎಷ್ಟು ಅನ್ನೋದಕ್ಕೆ ಒಂದು ಉದಾಹರಣೆ. ನೈಜೀರಿಯಾ ಸರ್ಕಾರ 2011ರಲ್ಲಿ ಯೂವಿನ್ ಅನ್ನೋ ಸ್ಪರ್ಧೆ ಶುರು ಮಾಡಿತು. ಒಳ್ಳೆಯ ವ್ಯಾಪಾರ ಯೋಜನೆ ಬರೆದ ಯುವಜನರಿಗೆ ಸರಾಸರಿ ಸುಮಾರು 50,000 ಡಾಲರ್ ಅನುದಾನ. ಮೊದಲ ಸುತ್ತಿಗೆ 24,000ದಷ್ಟು ಅರ್ಜಿ ಬಂದವು, ಗೆದ್ದವರು 1,200. ನೂರಕ್ಕೆ ಐದು ಮಂದಿ. ಗೆದ್ದವರಲ್ಲಿ ಒಂದು ಪಾಲು ಜನರನ್ನು, ಕೊನೆಯ ಹಂತಕ್ಕೆ ಬಂದವರ ನಡುವೆ ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಹಾಗಾಗಿ ಸಿಕ್ಕವರಿಗೂ ಸಿಗದವರಿಗೂ ಆಮೇಲೆ ಏನಾಯಿತು ಅಂತ ಹೋಲಿಸಿ ನೋಡಲು ಸಾಧ್ಯವಾಯಿತು. ಮೂರು ವರ್ಷದ ನಂತರ ನೋಡಿದರೆ ದುಡ್ಡು ಸಿಕ್ಕವರ ವ್ಯಾಪಾರ ನಡೆಯುತ್ತಿರುವ ಸಾಧ್ಯತೆ ಸ್ಪಷ್ಟವಾಗಿ ಜಾಸ್ತಿ ಇತ್ತು, ಕೆಲಸಗಾರರೂ ಜಾಸ್ತಿ ಇದ್ದರು. ಅಂದರೆ ಅನುದಾನ ಕೆಲಸ ಮಾಡುತ್ತದೆ, ಅನುಮಾನ ಬೇಡ. ಆದರೆ ನೂರಕ್ಕೆ 95 ಜನರಿಗೆ ಅದು ಸಿಗಲೇ ಇಲ್ಲ ಅನ್ನೋದೂ ಅಷ್ಟೇ ನಿಜ. ಗೆದ್ದವರಿಗೂ ದುಡ್ಡು ಒಂದೇ ಸಲ ಬರಲಿಲ್ಲ, ನಾಲ್ಕು ಕಂತಿನಲ್ಲಿ ಬಂತು. ಹೇಳಿದ ಕೆಲಸ ಮುಗಿಸಿದ ಮೇಲೆ ಮುಂದಿನ ಕಂತು.

ಅನುದಾನದಲ್ಲಿ ಜನ ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ತುಂಬಾ ಅನುದಾನಗಳು ಮರುಪಾವತಿ ಲೆಕ್ಕದವು. ಮೊದಲು ನೀವು ಖರ್ಚು ಮಾಡಬೇಕು, ಬಿಲ್ಲು ತೋರಿಸಬೇಕು, ಆಮೇಲೆ ಅವರು ಕೊಡುತ್ತಾರೆ. ಅಲ್ಲಿವರೆಗಿನ ದುಡ್ಡು ಎಲ್ಲಿಂದ? ಮತ್ತೆ ಸಾಲದ ಬಾಗಿಲಿಗೇ ಬರಬೇಕು. ಇನ್ನೊಂದು, ಸರಿಪಾಲು ಷರತ್ತು. ನೀವು ಇಷ್ಟು ಹಾಕಿದರೆ ನಾವು ಇಷ್ಟು ಹಾಕುತ್ತೇವೆ ಅನ್ನೋದು. ನಿಮ್ಮ ಪಾಲು ಕೈಯಲ್ಲಿಲ್ಲದಿದ್ದರೆ ಮಂಜೂರಾದ ಪತ್ರ ಸುಮ್ನೆ ಫೈಲಿನಲ್ಲಿ ಕೂರುತ್ತದೆ.

ಇದಲ್ಲದೆ ನಾನೇ ಸಿಕ್ಕಿಬಿದ್ದ ಒಂದು ಹಳ್ಳವಿದೆ. ವರ್ಷಗಳ ಹಿಂದೆ ಒಂದು ಸಣ್ಣ ಅನುದಾನ ನನಗೆ ಮಂಜೂರಾಗಿತ್ತು. ಹೇಗೂ ಆಗುತ್ತೆ ಅಂತ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ, ಪತ್ರ ಕೈಗೆ ಬರುವ ಮುಂಚೆಯೇ ಪ್ರಿಂಟರ್ ಕೊಂಡೆ. ಬಿಲ್ಲಿನ ತಾರೀಖು ಮಂಜೂರಾತಿ ಪತ್ರಕ್ಕಿಂತ 11 ದಿನ ಹಿಂದಿನದು. ಅಷ್ಟಕ್ಕೇ ಆ ಖರ್ಚನ್ನು ಪೂರ್ತಿ ತಳ್ಳಿಹಾಕಿದರು. ಕೋಪ ಬಂತು, ನಿಜ. ನಿಯಮಾವಳಿಯ ನಾಲ್ಕನೇ ಪುಟದಲ್ಲಿ ಅದು ಬರೆದೇ ಇತ್ತು ಅನ್ನೋದೂ ನಿಜ. ಮಂಜೂರಾತಿಗೆ ಮುಂಚಿನ ಖರ್ಚು ಲೆಕ್ಕಕ್ಕಿಲ್ಲ ಅನ್ನೋ ನಿಯಮ ಬಹಳಷ್ಟು ಅನುದಾನಗಳಲ್ಲಿ ಇರುತ್ತದೆ. ಆ ಪ್ರಿಂಟರ್ ಈಗಲೂ ನನ್ನ ಹತ್ತಿರ ಇದೆ, ಚೆನ್ನಾಗಿಯೇ ಓಡುತ್ತೆ.

ಇನ್ನು ಅನುದಾನ ಬಿಡುಗಡೆ ಮಾಡಲು ಮೊದಲು ಶುಲ್ಕ ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಅದರ ಬಗ್ಗೆ ಇನ್ನೇನೂ ಯೋಚಿಸಬೇಡಿ, ಫೋನ್ ಇಟ್ಟುಬಿಡಿ. ಅನುದಾನಕ್ಕೆ ತೆರಿಗೆ ಬೀಳುತ್ತದಾ ಅನ್ನೋದನ್ನು ಮಾತ್ರ ಲೆಕ್ಕ ಬರೆಯುವವರ ಹತ್ತಿರ ಮೊದಲೇ ಕೇಳಿ. ಎಷ್ಟೋ ಕಡೆ ಅದನ್ನೂ ಆದಾಯ ಅಂತಲೇ ಹಿಡಿಯುತ್ತಾರೆ.

ಸಾಲದ ಜೊತೆ ಸಬ್ಸಿಡಿ

ಒಂದು ಪಾಲು ಸಾಲ, ಒಂದು ಪಾಲು ಅನುದಾನದ ಯೋಜನೆಗಳೂ ಇವೆ. ಭಾರತದ ಪಿಎಂಇಜಿಪಿ, ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ, ಇದಕ್ಕೆ ಒಳ್ಳೆಯ ಮಾದರಿ, 2008ರಿಂದ ನಡೆಯುತ್ತಿದೆ. ಯೋಜನಾ ವೆಚ್ಚದ ಶೇ 15ರಿಂದ 35ರವರೆಗೆ ಸಬ್ಸಿಡಿ. ಯಾರು ಅರ್ಜಿ ಹಾಕಿದ್ದಾರೆ, ಹಳ್ಳಿಯೋ ಪಟ್ಟಣವೋ ಅನ್ನೋದರ ಮೇಲೆ ಪ್ರಮಾಣ ಬದಲಾಗುತ್ತದೆ. ಸಾಮಾನ್ಯ ವರ್ಗದವರು ಶೇ 10, ವಿಶೇಷ ವರ್ಗದವರು (ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು ಮುಂತಾದವರು) ಶೇ 5 ಕೈಯಿಂದ ಹಾಕಬೇಕು. ಉಳಿದದ್ದು ಬ್ಯಾಂಕ್ ಸಾಲ.

ಇಲ್ಲಿ ಗಮನಿಸಬೇಕಾದ್ದು ಸಬ್ಸಿಡಿ ಎಲ್ಲಿ ಕೂತಿರುತ್ತದೆ ಅನ್ನೋದು. ಅದು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿಯಾಗಿ ಮೂರು ವರ್ಷ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಹಾಗಾಗಿ "ಮೂರರಲ್ಲಿ ಒಂದು ಪಾಲು ಸರ್ಕಾರದ್ದು" ಅಂತ ಹಾಳೆಯ ಮೊದಲ ತಿಂಗಳಿಗೆ ಬರೆದುಕೊಳ್ಳುವ ಹಾಗಿಲ್ಲ. ಅದು ಬರೆಯಬೇಕಾದ ಜಾಗ 36 ತಿಂಗಳಾಚೆ. ಹಾಗಂತ ಬಿಡಬೇಡಿ. ಯಂತ್ರದಂಥ ದೊಡ್ಡ ಖರ್ಚಿದ್ದು, ಮೂರು ವರ್ಷ ಇದನ್ನೇ ಮಾಡುತ್ತೀನಿ ಅನ್ನೋ ಧೈರ್ಯ ಇದ್ದರೆ ನನ್ನ ಲೆಕ್ಕದಲ್ಲಿ ಇಂಥ ಯೋಜನೆಯೇ ಶುದ್ಧ ಅನುದಾನಕ್ಕಿಂತ ಮೇಲು. ಸಿಗುವ ಸಾಧ್ಯತೆ ಜಾಸ್ತಿ, ಸಬ್ಸಿಡಿ ವಜಾ ಆದ ಮೇಲೆ ಕಂತಿನ ಭಾರವೂ ಇಳಿಯುತ್ತದೆ.

ಬ್ಯಾಂಕ್ ಸಾಲ: ಟರ್ಮ್ ಲೋನ್ ಬೇರೆ, ಓಡಿ ಬೇರೆ

ಈ ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಟರ್ಮ್ ಲೋನ್ ಅಂದರೆ ಒಂದೇ ಸಲ ದುಡ್ಡು ತೆಗೆದುಕೊಂಡು ವರ್ಷಗಟ್ಟಲೆ ಕಂತು ಕಟ್ಟುವುದು. ಮಷಿನ್, ವಾಹನ, ಕಟ್ಟಡದ ಕೆಲಸಕ್ಕೆ ಇದೇ ಸರಿ. ಓವರ್‌ಡ್ರಾಫ್ಟ್, ಅಂದರೆ ಓಡಿ, ಒಂದು ಮಿತಿಯವರೆಗೆ ಬೇಕಾದಾಗ ತೆಗೆದು, ಬಂದಾಗ ತುಂಬುವ ಖಾತೆ. ತೆಗೆದಷ್ಟಕ್ಕೆ, ತೆಗೆದ ದಿನಗಳಿಗೆ ಮಾತ್ರ ಬಡ್ಡಿ.

ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಹೀಗೆ ನೋಡಿ. ನಿಮಗೆ ಸರಕು ತರಲು 50,000 ಬೇಕು, 20 ದಿನದಲ್ಲಿ ಮಾರಿ ವಾಪಸ್ ಹಾಕುತ್ತೀರಿ. ಶೇ 12ರ ಓಡಿಯಲ್ಲಿ ಬಡ್ಡಿ ಸುಮಾರು 330. ಅದೇ ಬಡ್ಡಿಗೆ, ಇರಲಿ ಅಂತ 2 ಲಕ್ಷದ ಟರ್ಮ್ ಲೋನ್ ತೆಗೆದಿಟ್ಟುಕೊಂಡಿದ್ದರೆ ಅದೇ 20 ದಿನಕ್ಕೆ 1,300 ದಾಟುತ್ತದೆ. ಮುಕ್ಕಾಲು ಭಾಗ ದುಡ್ಡು ಸುಮ್ನೆ ಬಿದ್ದಿರುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಆದರೆ ಓಡಿ ದುಡ್ಡಿನಲ್ಲಿ ಮಷಿನ್ ಕೊಳ್ಳಲು ಹೋಗಬೇಡಿ. ಮಿತಿ ಪೂರ್ತಿ ಅದರಲ್ಲೇ ಸಿಕ್ಕಿಕೊಂಡು, ಸರಕಿಗೆ ದುಡ್ಡಿಲ್ಲದೆ ಮಷಿನ್ ನೋಡುತ್ತಾ ಕೂರಬೇಕಾಗುತ್ತದೆ.

ಬ್ಯಾಂಕಿನವರು ಕೇಳುವುದು ನಾಲ್ಕೈದು ವಿಷಯ: ನಿಮ್ಮ ಕೈಯಿಂದ ಎಷ್ಟು ಹಾಕುತ್ತೀರಿ, ಹಿಂದಿನ ಸಾಲ ಹೇಗೆ ಕಟ್ಟಿದ್ದೀರಿ, ಒತ್ತೆ ಏನಿದೆ, ಕೊಟೇಶನ್ ಎಲ್ಲಿ, ಗಿರಾಕಿ ಯಾರು. ಹೊಸಬರು ಪ್ರಾಜೆಕ್ಟ್ ರಿಪೋರ್ಟನ್ನು 40 ಪುಟ ಮಾಡಿಸುತ್ತಾರೆ. ಓದುವವರ ಬೆರಳು ಹೋಗಿ ನಿಲ್ಲುವುದು ಮಾರಾಟದ ಅಂದಾಜಿನ ಮೇಲೆ. "ತಿಂಗಳಿಗೆ 400 ಪೀಸ್ ಅಂತ ಬರೆದಿದ್ದೀರಲ್ಲ, ಯಾರು ಕೊಳ್ತಾರೆ?" ಇದಕ್ಕೆ ಇಬ್ಬರು ಗಿರಾಕಿಗಳ ಸಹಿ ಇರುವ ಆರ್ಡರ್ ಪತ್ರ ಉತ್ತರವಾದರೆ ಉಳಿದ 39 ಪುಟಕ್ಕಿಂತ ಅದರ ತೂಕ ಜಾಸ್ತಿ.

ಒತ್ತೆ ಇಲ್ಲದವರಿಗೆ ಗ್ಯಾರಂಟಿ ಯೋಜನೆಗಳಿವೆ. ಸರ್ಕಾರಿ ಸಂಸ್ಥೆಯೊಂದು ಸಾಲದ ಒಂದು ಭಾಗಕ್ಕೆ ಜಾಮೀನು ನಿಲ್ಲುತ್ತದೆ. ಒಂದು ಮಾತು ಚೆನ್ನಾಗಿ ನೆನಪಿಡಿ: ಆ ಜಾಮೀನು ಬ್ಯಾಂಕಿನ ನಷ್ಟಕ್ಕೆ, ನಿಮ್ಮ ನಷ್ಟಕ್ಕಲ್ಲ. ಕಟ್ಟದಿದ್ದರೆ ನಿಮ್ಮನ್ನು ಕೇಳುವುದು ತಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಶುರುವಾದ ಸ್ಟಾರ್ಟ್ ಅಪ್ ಲೋನ್ಸ್ ಯೋಜನೆಯೂ ಹೀಗೇ ಒಂದು ಪಾಠ ಹೇಳುತ್ತದೆ. 500ರಿಂದ 25,000 ಪೌಂಡ್ ತನಕ, ಒತ್ತೆ ಬೇಡ, ಜೊತೆಗೆ ಒಂದು ವರ್ಷ ಪುಕ್ಕಟೆ ಮಾರ್ಗದರ್ಶನ. ಕೇಳಲು ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿದೆ. ಆದರೆ ಕಾನೂನಿನ ಪ್ರಕಾರ ಅದು ವೈಯಕ್ತಿಕ ಸಾಲ. ಕಂಪನಿ ಮುಚ್ಚಿದರೂ ಸಾಲ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಸಾಲ ವ್ಯಾಪಾರದ ಹೆಸರಲ್ಲೋ ನಿಮ್ಮ ಹೆಸರಲ್ಲೋ ಅನ್ನೋದನ್ನು ಸಹಿ ಹಾಕುವ ಮುಂಚೆ ಓದಿ.

ಬಡ್ಡಿ ಹೋಲಿಸುವಾಗ ಆಗುವ ಮೋಸ

ಎರಡು ಕಡೆಯಿಂದ ಶೇ 12 ಅಂತ ಹೇಳಿದರೆ ಎರಡೂ ಒಂದೇ ಅಲ್ವಾ? ಅಲ್ಲ. ಒಂದು ಫ್ಲಾಟ್ ಬಡ್ಡಿ ಇರಬಹುದು, ಇನ್ನೊಂದು ಉಳಿದ ಬಾಕಿಯ ಮೇಲಿನ ಬಡ್ಡಿ.

1 ಲಕ್ಷ ಸಾಲ, 12 ತಿಂಗಳು ಅಂತಿಟ್ಟುಕೊಳ್ಳಿ. ಫ್ಲಾಟ್ ಲೆಕ್ಕದಲ್ಲಿ ವರ್ಷದ ಬಡ್ಡಿ 12,000, ಅದನ್ನು ಅಸಲಿಗೆ ಸೇರಿಸಿ 12ರಿಂದ ಭಾಗಿಸುತ್ತಾರೆ. ಕಂತು 9,333. ಬಾಕಿಯ ಮೇಲಿನ ಲೆಕ್ಕದಲ್ಲಿ ಕಂತು 8,885, ವರ್ಷದ ಒಟ್ಟು ಬಡ್ಡಿ 6,600ರ ಆಸುಪಾಸು. ಹೆಚ್ಚುಕಮ್ಮಿ ಅರ್ಧಕ್ಕರ್ಧ ವ್ಯತ್ಯಾಸ. ಯಾಕೆ ಅಂದರೆ, ಆರನೇ ತಿಂಗಳಿಗೆ ನೀವು ಹತ್ತಿರ ಹತ್ತಿರ ಅರ್ಧ ಅಸಲು ವಾಪಸ್ ಕೊಟ್ಟಿರುತ್ತೀರಿ, ಫ್ಲಾಟ್‌ನವರು ಆಗಲೂ ಪೂರ್ತಿ 1 ಲಕ್ಷಕ್ಕೇ ಬಡ್ಡಿ ಹಿಡಿಯುತ್ತಿರುತ್ತಾರೆ. ಈ ಫ್ಲಾಟ್ ಶೇ 12ನ್ನು ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು ಶೇ 21.5 ಆಗುತ್ತದೆ. ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ ಶೇ 2 ಮೊದಲೇ ಮುರಿದುಕೊಂಡರೆ ಕೈಗೆ ಬರುವುದು 98,000. ಬಡ್ಡಿ ಮಾತ್ರ 1 ಲಕ್ಷಕ್ಕೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದಿನದ ಮಾರಾಟದಿಂದ ಒಂದಿಷ್ಟು ಮುರಿದುಕೊಳ್ಳುವ, ಒಂದೇ ದಿನದಲ್ಲಿ ಸಿಗುವ ಮುಂಗಡ. "100 ತಗೊಳ್ಳಿ, 130 ಕೊಡಿ" ಅಂತಾರೆ. ಶೇ 30 ಅಂತ ಕಾಣುತ್ತೆ. ಆರು ತಿಂಗಳಲ್ಲಿ ತೀರುವ ಹಾಗಿದ್ದರೆ ಅದರ ವಾರ್ಷಿಕ ಬಡ್ಡಿ ಶೇ 100 ದಾಟುತ್ತದೆ. ಶುರುವಿಗೆ ಇದರ ಹತ್ತಿರ ಹೋಗಲೇಬೇಡಿ.

ಕಿರುಸಾಲ, ಮತ್ತು ಒಂದು ಒಳ್ಳೆಯ ಪ್ರಯೋಗ

ಬ್ಯಾಂಕ್ ಮೆಟ್ಟಿಲು ಹತ್ತಲಾಗದವರಿಗೆ ಇರುವುದು ಕಿರುಸಾಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1983ರಲ್ಲಿ ಬ್ಯಾಂಕಾಗಿ ಶುರುವಾದ ಮೇಲೆ ಈ ಮಾದರಿ ಪ್ರಪಂಚದಲ್ಲೆಲ್ಲ ಹರಡಿತು. 2006ರ ನೊಬೆಲ್ ಶಾಂತಿ ಪ್ರಶಸ್ತಿ ಆ ಬ್ಯಾಂಕಿಗೂ ಅದರ ಸ್ಥಾಪಕ ಮುಹಮ್ಮದ್ ಯೂನಸ್ ಅವರಿಗೂ ಸಿಕ್ಕಿತು. ಗುಂಪು, ಒತ್ತೆ ಇಲ್ಲದ ಸಣ್ಣ ಸಾಲ, ವಾರದ ಕಂತು. ಕೊಟ್ಟ ಕೆಲವೇ ದಿನಕ್ಕೆ ಕಂತು ಶುರು.

ನಾನು ಶುರುವಿನಲ್ಲಿ ಹೇಳಿದ ಪ್ರಶ್ನೆ ಇಲ್ಲೇ ಜೀವ ಪಡೆಯುತ್ತದೆ. ಕೋಲ್ಕತ್ತದಲ್ಲಿ ಒಂದು ಪ್ರಯೋಗ ಮಾಡಿದರು, ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಂದೇ ಥರದ ಸಾಲ ತೆಗೆದುಕೊಂಡ ಮಹಿಳೆಯರಲ್ಲಿ ಕೆಲವರಿಗೆ ಎರಡು ವಾರಕ್ಕೇ ಕಂತು ಶುರು, ಉಳಿದವರಿಗೆ ಎರಡು ತಿಂಗಳ ಬಿಡುವು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಜಾಸ್ತಿ ಹಾಕಿದರು, ವರ್ಷಗಳ ನಂತರ ಅವರ ಲಾಭವೂ ಜಾಸ್ತಿ ಇತ್ತು. ಆದರೆ ಸಾಲ ಕಟ್ಟಲಾಗದೆ ಸುಸ್ತಿಯಾದವರೂ ಅದೇ ಗುಂಪಿನಲ್ಲಿ ಜಾಸ್ತಿ. ಯಾಕಿರಬಹುದು? ನಾಳಿದ್ದೇ ಕಂತು ಕಟ್ಟಬೇಕು ಅಂದರೆ ಯಾರೂ ಮಷಿನ್ ಕೊಳ್ಳುವುದಿಲ್ಲ. ಬೆಳಗ್ಗೆ ತಂದು ಸಂಜೆಗೆ ಮಾರಿ ಮುಗಿಯುವ ಸರಕು ಕೊಳ್ಳುತ್ತಾರೆ. ಬಿಡುವು ಇದ್ದರೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಕೆಲವರಿಗೆ ಅದು ಕೈಹಿಡಿಯುತ್ತದೆ, ಕೆಲವರಿಗೆ ಕೈಕೊಡುತ್ತದೆ.

ಹಾಗಾಗಿ ನಿಮ್ಮದು ದಿನಾ ಮಾರಿ ದಿನಾ ದುಡ್ಡು ಎಣಿಸುವ ವ್ಯಾಪಾರವಾದರೆ ವಾರದ ಕಂತು ಹೊರೆಯಲ್ಲ. ತಯಾರಿಸಿ, ಕೊಟ್ಟು, ಕಾಯುವ ವ್ಯಾಪಾರವಾದರೆ ಅದು ಕುತ್ತಿಗೆಗೆ ಕಟ್ಟಿದ ಕಲ್ಲು.

ಉಳಿದ ದಾರಿಗಳು

ಕ್ರೌಡ್‌ಫಂಡಿಂಗ್, ಅಂದರೆ ಇಂಟರ್ನೆಟ್‌ನಲ್ಲಿ ತುಂಬಾ ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸುವುದು, ಜನಪ್ರಿಯ. 2009ರಲ್ಲಿ ಬಂದ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಿನಲ್ಲಿ ನೀವು ಇಟ್ಟ ಮೊತ್ತದ ಗುರಿ ಮುಟ್ಟಿದರೆ ಮಾತ್ರ ದುಡ್ಡು, ಇಲ್ಲದಿದ್ದರೆ ಏನೂ ಇಲ್ಲ. ಮುಟ್ಟಿದರೆ ಶೇ 5 ಅವರ ಪಾಲು, ಪಾವತಿ ಶುಲ್ಕ ಬೇರೆ. ಹೊಸ ವಸ್ತು ತೋರಿಸಿ ಬೆರಗು ಹುಟ್ಟಿಸಬಲ್ಲವರಿಗೆ ಸರಿ, ರಿಪೇರಿ ಅಂಗಡಿ ಹಾಕುವವರಿಗೆ ಅಲ್ಲ. 2005ರಿಂದ ಇರುವ ಕೀವಾ ಅನ್ನೋ ಇನ್ನೊಂದು ವೆಬ್‌ಸೈಟ್ ಹೀಗೇ ಜನರಿಂದ ಕೂಡಿಸಿ ಅಮೆರಿಕದಲ್ಲಿ 15,000 ಡಾಲರ್ ತನಕ ಬಡ್ಡಿಯಿಲ್ಲದ ಸಾಲ ಕೊಡಿಸುತ್ತದೆ. ಅದರಲ್ಲಿ ನನಗೆ ಇಷ್ಟವಾದ ಷರತ್ತು ಒಂದಿದೆ: ಅಪರಿಚಿತರ ಮುಂದೆ ಹೋಗುವ ಮುಂಚೆ ನಿಮ್ಮ ಪರಿಚಯದ ಕೆಲವರು ಸಣ್ಣ ಮೊತ್ತ ಹಾಕಿ ತೋರಿಸಬೇಕು. ನಿಮ್ಮನ್ನು ಬಲ್ಲವರೇ ನಂಬದಿದ್ದರೆ ಬೇರೆಯವರು ಯಾಕೆ ನಂಬಬೇಕು ಅನ್ನೋ ಲೆಕ್ಕ.

ಮನೆಯವರ, ಸ್ನೇಹಿತರ ಕೈಗಡಕ್ಕೆ ಬಡ್ಡಿ ಇರುವುದಿಲ್ಲ, ನೆನಪು ಇರುತ್ತದೆ. ಎಷ್ಟು, ಯಾವಾಗ ವಾಪಸ್ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಬೇಡ ಅಂತಾರೆ, ಆದರೂ ಕೊಡಿ. ಪಾಲುದಾರರ ದುಡ್ಡಿಗೆ ಕಂತಿಲ್ಲ, ಆದರೆ ಲಾಭ ಬಂದಷ್ಟು ದಿನವೂ ಪಾಲು ಹೋಗುತ್ತಿರುತ್ತದೆ. ಸರಕು ಕೊಡುವವರ ಉದ್ದರಿಯನ್ನು ಮಾತ್ರ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 30 ದಿನದ ಉದ್ದರಿ ಸಿಕ್ಕರೆ ಅದು 30 ದಿನದ ಬಡ್ಡಿಯಿಲ್ಲದ ಸಾಲ. ಎರಡು ಸಲ ರೊಕ್ಕ ಕೊಟ್ಟು ತಂದು, ಮೂರನೇ ಸಲ ಕೇಳಿ ನೋಡಿ.

ನಾನಾದರೆ ಹೇಗೆ ಆರಿಸುತ್ತೇನೆ

ಇನ್ನೂ ಗಿರಾಕಿ ಇದ್ದಾರೋ ಇಲ್ಲವೋ ಗೊತ್ತಿಲ್ಲದ ಹಂತದಲ್ಲಿ ಸಾಲ ಮಾಡುವುದಿಲ್ಲ. ಸ್ವಂತ ಉಳಿತಾಯ, ಸಿಕ್ಕರೆ ಸಣ್ಣ ಅನುದಾನ, ಬಾಡಿಗೆ ಮಷಿನ್, ಅಷ್ಟರಲ್ಲೇ ಪರೀಕ್ಷೆ ಮಾಡುತ್ತೇನೆ. ಆರ್ಡರ್ ಬರುತ್ತೆ ಅಂತ ಖಾತ್ರಿಯಾದ ಮೇಲೆ ಮಷಿನ್‌ಗೆ ಟರ್ಮ್ ಲೋನ್. ಸಬ್ಸಿಡಿ ಇರುವ ಯೋಜನೆ ಸಿಕ್ಕರೆ ಅದೇ ಮೊದಲು. ಸರಕಿಗೆ, ಕೂಲಿಗೆ ಓಡಿ ಮತ್ತು ಉದ್ದರಿ. ಅನುದಾನಕ್ಕೆ ಅರ್ಜಿ ಹಾಕಿರುತ್ತೇನೆ, ಹಾಳೆಯಲ್ಲಿ ಮಾತ್ರ ಅದನ್ನು ಪೆನ್ಸಿಲ್‌ನಲ್ಲಿ ಬರೆದಿರುತ್ತೇನೆ.

ಆ ಹೊಲಿಗೆ ಘಟಕದವರು ಕೊನೆಗೆ ಎರಡು ಕಡೆ ಮಾತಾಡಿ ಬಂದರು. ಒಂದು ಕಡೆ ಬಡ್ಡಿ ಶೇ 1 ಕಡಿಮೆ, ಕಂತು ಮುಂದಿನ ತಿಂಗಳಿಂದಲೇ. ಇನ್ನೊಂದು ಕಡೆ ಶೇ 1 ಜಾಸ್ತಿ, ಆದರೆ ಮೊದಲ ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿದರೆ ಸಾಕು, ಅಸಲು ಏಳನೇ ತಿಂಗಳಿಂದ. ಅವರು ಎರಡನೆಯದನ್ನು ಆರಿಸಿದರು. ಜೊತೆಗೆ ಎರಡು ಮಾತು ಬರಹದಲ್ಲಿ ಕೇಳಿ ತಂದರು: ಬಡ್ಡಿ ಬಾಕಿಯ ಮೇಲೆಯೇ ತಾನೇ, ಮುಂಚೆಯೇ ತೀರಿಸಿದರೆ ದಂಡ ಎಷ್ಟು. ಅದಾದ ಮೇಲೆ ಹಾಳೆಯಲ್ಲಿ ಮೂರು, ನಾಲ್ಕು, ಐದನೇ ತಿಂಗಳ ಕಂತಿನ ಅಂಕಿಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಬಡ್ಡಿಯಷ್ಟನ್ನೇ ಸಣ್ಣದಾಗಿ ಬರೆದರು.